ಎರಿ ಮಣ್ಣಿಗೆ ಸೋತ ಫಿಲ್ಟರು

ಇಪ್ಪತ್ತೆರಡು ವರ್ಷ ಆತು, ಹೈಸ್ಕೂಲ ಹುಡುಗರಿಗೆ ವಿಜ್ಞಾನ ಕಲಸ್ತೀನಿ. ನೀರು ಸೋಸೂ ಪಾಠ ಬಂತಂದ್ರ ನನಗ ಹಬ್ಬ ಇದ್ದಂಗ. ಪ್ಲಾಸ್ಟಿಕ್ ಬಾಟ್ಲಿ ತಳಾ ಕೊಯ್ದು, ಬೋರಲ ಹಿಡದು, ಒಳಗ ಹತ್ತಿ ಅರಳಿ, ಅದರ ಮ್ಯಾಲೆ ಗರಸು, ಅದರ ಮ್ಯಾಲೆ ಉಸುಕು ತುಂಬಿ ರಾಡಿ ನೀರು ಸುರೀತೀನಿ. ಕೆಳಗ ತಿಳಿ ನೀರು ಹನಿ ಹನಿ ಬೀಳೂದು ನೋಡಿ ಹುಡುಗ್ರು ಚಪ್ಪಾಳಿ ಬಡೀತಾವು. ಅಂಥಾಕಿ ನಾನು, ನನ್ನ ಟೊಂಕದ ಎತ್ತರ ಇರೂ ಒಂದು ಫಿಲ್ಟರಿನ ಮುಂದ ಹನ್ನೊಂದು ದಿನ ಸೋತು ಕುಂತೆ. ಸೋತದ್ದು ಹೋಗ್ಲಿ, ಆ ಹನ್ನೊಂದು ದಿನದಾಗ ಯಾರ್ಯಾರಿಗೆ ಏನೇನು ಬೈದೆ ಅನ್ನೂದು ನೆನಸಿದ್ರ ಈಗೂ ಮಾರಿ ಕೆಂಪಾಗತೈತಿ. ಸಿಟ್ಟು ನನಗ ಮೂಗಿನ ತುದ್ಯಾಗ ಐತಿ, ಮುಚ್ಚಿಡೂದೇನು.

ನಮ್ಮ ಮನಿ ಯರಗುಪ್ಪಿ ದಾರ್ಯಾಗ, ಊರು ಮುಗದು ಕರಿ ಮಣ್ಣಿನ ಎರಿ ಹೊಲ ಸುರು ಆಗೂ ಕಡೆ. ಮನ್ಯಾಗ ಮೂರ ಮಂದಿ: ನಾನು, ನಮ್ಮನಿಯವರು, ಅವರ ಅವ್ವ. ಅವರಿಗೆ ನಾ ಅತ್ಯಾರ ಅಂತೀನಿ. ವಯಸ್ಸು ಎಪ್ಪತ್ತು ದಾಟೇತಿ, ಬಾಯಿ ಮಾತ್ರ ಇಪ್ಪತ್ತರದು. ಎರಡು ವರ್ಷದಿಂದ ಅವರಿಗೆ ಮೊಣಕಾಲು ಮಡಚಾಕ ಬರವಲ್ದಾಗಿತ್ತು. ನಡದ್ರ ಹೆಂಗೋ ನಡೀತಿದ್ರು, ನೆಲಕ್ಕ ಕೂಡೂದು ಮಾತ್ರ ಆಗ್ತಿರಲಿಲ್ಲ.

ಅದರಿಂದ ಅವರಿಗೆ ಆದ ದೊಡ್ಡ ಸಂಕಟ ಅಂದ್ರ ಪೂಜಿ. ಮುಂಜಾನೆ ಜಳಕಾ ಮಾಡಿ, ನೆಲಕ್ಕ ಕಟಗಿ ಮಣಿ ಹಾಕ್ಕೊಂಡು, ಚಕ್ಕಳಮಕ್ಕಳ ಹಾಕಿ ಕುಂತು, ಎಡಗೈಯಾಗ ಲಿಂಗ ಇಟ್ಕೊಂಡು ಪೂಜಿ ಮಾಡೂದು ಅವರು ಸಣ್ಣಾಕಿ ಇದ್ದಾಗಿಂದ ಬಂದ ರೂಢಿ. ಅದು ತಪ್ಪಿ, ಪ್ಲಾಸ್ಟಿಕ್ ಕುರ್ಚಿ ಮ್ಯಾಲೆ ಕಾಲು ಇಳಿಬಿಟ್ಟು ಕೂಡೂ ಪ್ರಸಂಗ ಬಂತು. "ಬಸ್‌ಸ್ಟ್ಯಾಂಡಿನ್ಯಾಗ ಬಸ್ಸಿಗೆ ಕಾದಂಗ ಆಗತೈತಿ ಬೇ, ಪೂಜಿ ಮಾಡಿದಂಗ ಆಗೂದಿಲ್ಲ" ಅಂತಿದ್ರು. ಒಮ್ಮೊಮ್ಮೆ ಪೂಜಿ ಮುಗಿಸಿ ಸುಮ್ಕ ಕಣ್ಣೀರು ಒರಸ್ಕೋತಿದ್ರು. ಸತ್ತು ಹೋಗೂದ್ರಾಗ ಒಮ್ಮೆರ ನೆಲದ ಮ್ಯಾಲೆ ಕುಂತು ಪೂಜಿ ಮಾಡಬೇಕು ಅನ್ನೂದೊಂದ ಅವರ ಆಸೆ.

ಹುಬ್ಬಳ್ಳಿ ಡಾಕ್ಟರು ನೋಡಿ, "ಎದಿಮಟ್ಟ ನೀರಾಗ ದಿನಾ ಅರ್ಧ ತಾಸು ನಡೀರಿ ಅಜ್ಜಿ. ಎರಡು ತಿಂಗಳು ನೋಡೂಣು. ಮಡಚಾಕ ಬಂದ್ರ ಪಾಡ, ಇಲ್ಲಾಂದ್ರ ಆಪರೇಷನ್ ಮಾಡೂಣು" ಅಂದ್ರು. ಆಪರೇಷನ್ ಅಂದ ಕೂಡ್ಲೆ ಅತ್ಯಾರು, "ಕೊಯ್ಯಾಕ ನನ್ನ ಕಾಲೇನು ಕುಂಬಳಕಾಯೇನ್ರಿ?" ಅಂತ ಎದ್ದ ಬಿಟ್ರು. ಹುಬ್ಬಳ್ಳ್ಯಾಗ ಈಜೂ ಜಾಗಾ ಅದಾವ್ರಿ ಅಂದ್ರ ಅದಕ್ಕೂ ಒಲ್ಲೆ. "ಗಂಡಸರು ಚಡ್ಡಿ ಹಾಕ್ಕೊಂಡು ಬಿದ್ದಾಡೂ ನೀರಿಗೆ ನಾ ಕಾಲಿಡಾಕಿ ಅಲ್ಲ."

ನಮ್ಮನಿಯವರು ಮಾತು ಕಮ್ಮಿ, ಕೆಲಸ ಜಾಸ್ತಿ. ಹೊಲದಾಗ ಕೃಷಿ ಹೊಂಡ ತೋಡಾಕ ಬಂದಿದ್ದ ಜೆಸಿಬಿಯಿಂದನ ಹಿತ್ತಲದಾಗ ಇನ್ನೊಂದು ತೆಗ್ಗು ತೋಡಿಸಿದ್ರು. ಇಪ್ಪತ್ತು ಫೂಟು ಉದ್ದ, ಹತ್ತು ಫೂಟು ಅಗಲ, ನಾಲ್ಕು ಫೂಟು ಆಳ. ಇಳಿಯಾಕ ಮೆಟ್ಲಾ, ಹಿಡಿಯಾಕ ಪೈಪು, ಒಳಗೆಲ್ಲ ನೀಲಿ ಫರ್ಶಿ. ಊರ ಮಂದಿ ಅದಕ್ಕ ಸ್ವಿಮ್ಮಿಂಗ್ ಪೂಲ್ ಅಂದ್ರು, ಅತ್ಯಾರು ಟಾಕಿ ಅಂದ್ರು.

ಟಾಕಿಗೆ ನೀರು ತುಂಬಿದ ದಿನ ಓಣಿ ಹೆಣ್ಣಮಕ್ಕಳೆಲ್ಲ ಬಂದು ಗಂಗಿ ಪೂಜಿ ಮಾಡಿದ್ರು. ಅತ್ಯಾರು ಇಳಕಲ್ಲ ಸೀರಿ ಉಟ್ಟ ನೀರಿಗಿಳದ್ರು. ಇಳದದ್ದ ತಡ, ಸೀರಿ ಉಬ್ಬಿ ಪುಗ್ಗಾ ಆತು. "ಹಿಡೀ ಬೇ, ಹಾರಿ ಹೊಂಟೆ!" ಅಂತ ನನ್ನ ರಟ್ಟಿ ಹಿಡಕೊಂಡ್ರು. ದಂಡ್ಯಾಗ ನಿಂತ ಬಾಜೂ ಮನಿ ಕಾಕು, "ಏ ಎಮ್ಮಿ ಇಳದಾವ ನೋಡ್ರೇ ಕೆರಿಗೆ!" ಅಂದ್ಳು. ನಾನೂ ಚೂಡಿದಾರ ಹಾಕ್ಕೊಂಡು ಬಾಜೂಕ ಇದ್ನಲ್ಲ, ಎಮ್ಮಿ ಅಂದದ್ದು ಇಬ್ಬರಿಗೂ ಬಂತು. ನಕ್ಕು ನಕ್ಕು ನೀರು ಕುಡದ್ವಿ.

ಹತ್ತು ದಿನ ಮುಂಜಾನೆ ಹಿಂಗ ನಡದ್ವಿ. ಅತ್ಯಾರು ದಿನಾ ಮಂಚದ ಮ್ಯಾಲೆ ಕುಂತು ಕಾಲು ಎಷ್ಟು ಮಡಚತಾವ ಅಂತ ಹಿಮ್ಮಡಾ ತೊಡಿ ನಡುವಿನ ಜಾಗಾ ಬೆರಳಿಲೆ ಅಳೀತಿದ್ರು. ಹತ್ತನೇ ದಿನಕ್ಕ ನಾಕು ಬೆರಳು ಹೆಚ್ಚಿಗಿ ಮಡಚಿತ್ತು. ಆ ನಾಕು ಬೆರಳನ್ನ ಊರಿಗೆಲ್ಲ ತೋರಿಸಿ ಬಂದ್ರು.

ಇನ್ನ ಫಿಲ್ಟರಿನ ಕತಿ. ಟಾಕಿ ಬಾಜೂಕ ಒಂದು ಮೋಟಾರು, ಮೋಟಾರಿನ ಬಾಜೂಕ ದೊಡ್ಡ ಗುಂಡ ಹಂಡೇದಂಗ ಫಿಲ್ಟರು. ಅದರ ಹೊಟ್ಟಿತುಂಬ ಉಸುಕು. ಟಾಕಿ ನೀರು ಮ್ಯಾಲಿಂದ ಹೊಕ್ಕು, ಉಸುಕಿನ್ಯಾಗ ಸೋಸಿ, ತಿಳಿಯಾಗಿ ತಿರುಗಿ ಟಾಕಿಗೆ ಬೀಳಬೇಕು. ನೆತ್ತಿ ಮ್ಯಾಲೆ ಒಂದು ಹಿಡಿಕಿ, ಬಾಜೂಕ ಒತ್ತಡ ತೋರಸೂ ಮುಳ್ಳು. ಹುಬ್ಬಳ್ಳಿಯಿಂದ ಬಂದು ಕೂಡಿಸಿದ ಮಿಸ್ತ್ರಿ, "ಅಕ್ಕಾರ, ಈ ಮುಳ್ಳ ಇದರ ನಾಡಿ. ಏರಿತಂದ್ರ ಉಸುಕಿನ್ಯಾಗ ಕಸಾ ತುಂಬೈತಿ ಅಂತ ತಿಳೀರಿ, ನೀರು ತಿರುವಿ ಹರಿಸಿ ತೊಳೀರಿ. ಇಳೀತಂದ್ರ ಮೋಟಾರಿಗೆ ನೀರು ಬರವಲ್ದು ಅಂತ ತಿಳೀರಿ. ಹಿಡಿಕಿ ಹೊರಳಸೂ ಮೊದಲು ಮೋಟಾರ್ ಬಂದ್ ಮಾಡೂದು ಮರೀಬ್ಯಾಡ್ರಿ" ಅಂತ ಹೇಳಿ ಹೋಗಿದ್ದ. ಹಿಡಿಕಿ ಸುತ್ತ ಬರದಿದ್ದ ಇಂಗ್ಲಿಷ್ ಅಳಿಸಿ ನಾನ ಕನ್ನಡದಾಗ ಬರದೆ: ಸೋಸು, ತಿರುವಿ ತೊಳಿ, ಜಾಲಿಸು, ಚೆಲ್ಲು, ಬಂದ್. ಮಾಸ್ತರಕಿ ಅಲ್ಲೇನ್ರಿ, ಬರೀದ ಇರಾಕಾಗೂದಿಲ್ಲ.

ಮೊದಲ ರೋಗ ಬಂದಾಗ ಮುಳ್ಳು ಇಳೀತು. ಟಾಕಿಗೆ ಬೀಳೂ ನೀರು ದಾರದಷ್ಟಾತು. ಮೋಟಾರಿನ ಮುಂದಿನ ಜಾಳಗಿ ಬುಟ್ಟಿ ತಗದು ನೋಡಿದ್ರ, ಎಪ್ಪಾ, ಗಂಗಿ ಪೂಜಿದು ಅರ್ಧಾ ಅಲ್ಲೇ ಕುಂತಿತ್ತು. ಚಂಡು ಹೂ, ಎಲಿ, ಅಡಕಿ, ಒಂದು ಊದಿನಕಡ್ಡಿ ಪಾಕೀಟು ಸುದ್ದಾ. ಬುಟ್ಟಿ ಜಾಡಿಸಿದೆ, ನೀರು ಭರ್ ಅಂತ ಬಂತು. ಎರಡನೇ ರೋಗ ಗುಳ್ಳಿ. ನೀರಿನ ಕೂಡ ಬರೇ ಗುಳ್ಳಿ ಬರಾಕತ್ತಿದ್ವು. ಮೋಟಾರಿನ ಮುಚ್ಚಳದ ರಬ್ಬರ್ ಉಂಗುರ ಒಣಗಿ ಗಾಳಿ ಎಳಕೋತಿತ್ತು. ಅದಕ್ಕ ಮಿಸ್ತ್ರಿ ಬ್ಯಾರೆ ಗ್ರೀಸ್ ಕೊಟ್ಟು ಹೋಗಿದ್ದ. ನಮ್ಮನಿಯವರು ಕೈಗೆ ಸಿಕ್ಕ ಟ್ರ್ಯಾಕ್ಟರ್ ಗ್ರೀಸ್ ಮೆತ್ತಿದ್ರು. ಎರಡ ದಿನಕ್ಕ ರಬ್ಬರು ಉಬ್ಬಿ ಕೋಡಬಳಿ ಆತು. ಹೊಸಾ ಉಂಗುರ ತರಸೂದಾತು. ಅವತ್ತ ಅವರಿಗೆ ಬೈದದ್ದು ಓಣಿ ತುಂಬ ಕೇಳಿತ್ತು ಅಂತ ಕಾಕು ಆಮ್ಯಾಲೆ ಹೇಳಿದ್ಳು.

ಮೂರನೇ ರೋಗಾನ ನನ್ನ ಹೈರಾಣ ಮಾಡಿದ್ದು. ಮಿರಗದ ಮಳಿ ಜೋರ ಹೊಡೀತು. ಟಾಕಿ ನೀರು ಕರಿ ಚಾದಂಗ ರಾಡಿ ಆತು. ಮುಳ್ಳು ಏರಿತು. ಮೋಟಾರ್ ಬಂದ್ ಮಾಡಿ, ಹಿಡಿಕಿ "ತಿರುವಿ ತೊಳಿ"ಗೆ ತಂದು, ಕಪ್ಪ ನೀರು ಬದನಿ ಮಡಿಗೆ ಬಿಟ್ಟೆ. ಮುಳ್ಳು ಇಳೀತು. ನೀರು ಕಮ್ಮಿ ಆಗಿತ್ತಲ್ಲ, ಕೃಷಿ ಹೊಂಡದಿಂದ ಮತ್ತ ತುಂಬಿಸಿದೆ. ಮರುದಿನ ಮುಂಜಾನೆ ಮುಳ್ಳು ಮತ್ತ ಮ್ಯಾಲೆ, ನೀರು ಮತ್ತ ರಾಡಿ. ಮತ್ತ ತೊಳದೆ, ಮತ್ತ ತುಂಬಿಸಿದೆ. ಮೂರು ದಿನ ಇದ ಆತು. ತಲಿ ಕೆಟ್ಟು ಮೊಸರಾತು.

ಮೂರನೇ ದಿನ ಸಾಲಿಗೆ ಹೊತ್ತಾಗಿತ್ತು, ಬಸ್ಸು ತಪ್ಪಿತ್ತು. ಫಿಲ್ಟರಿನ ಮುಂದ ನಿಂತು ಒದರಿದೆ, "ಯಾರ ಕಾಲಿನ ಮಣ್ಣಿದು? ಊರಾಗಿನ ಎರಿ ಹೊಲ ಎಲ್ಲಾ ಬಂದು ಇದರ ಹೊಟ್ಯಾಗ ಕುಂತೈತಿ! ಕಾಲು ತೊಳಕೊಂಡು ಇಳೀಬೇಕನ್ನೂ ಖಬರಿಲ್ಲೇನು ಈ ಮನ್ಯಾಗ ಯಾರಿಗೂ?" ನಮ್ಮನಿಯವರಿಗೆ ಅಂತ ಒದರಿದ್ದೆ. ಅವರು ಅಷ್ಟೊತ್ತಿಗೆ ಹೊಲಕ್ಕ ಹೋಗಿದ್ರು. ಪಡಸಾಲ್ಯಾಗ ಇದ್ದವರು ಅತ್ಯಾರೊಬ್ರ. ಅದು ನನ್ನ ಲಕ್ಷಕ್ಕ ಬರಲಿಲ್ಲ.

ಮರುದಿನದಿಂದ ಅತ್ಯಾರು ನೀರಿಗೆ ಇಳಿಯೂದು ಬಿಟ್ರು. ಒಂದಿನ ಥಂಡಿ ಅಂದ್ರು, ಒಂದಿನ ಅಮಾಸಿ ಅಂದ್ರು, ಒಂದಿನ ಕಾಲ ಬ್ಯಾನಿನ ಇಲ್ಲ ಬೇ ಅಂದ್ರು. ರಾಡಿ ನೀರಿಗೆ ಹೇಸ್ಕೋತಾರ ಅಂತ ನಾ ತಿಳಕೊಂಡೆ. ಮಡಚಿದ್ದ ನಾಕು ಬೆರಳಿನ್ಯಾಗ ಎರಡು ಬೆರಳು ವಾಪಸ್ ಹೋತು. ನೀರಿಗಿಳದ ದಿನದಿಂದ ಎಣಿಸಿದ್ರ, ಡಾಕ್ಟರು ಕೊಟ್ಟ ಎರಡು ತಿಂಗಳಿನ್ಯಾಗ ಮೂರು ವಾರ ಕಳೀತಾ ಬಂದಿತ್ತು. ನೀರು ತಿಳಿ ಆಗದ ಇದ್ರ ಅವರು ನಡಿಯೂದಿಲ್ಲ, ನಡೀದ ಇದ್ರ ಮೊಣಕಾಲು ಮಡಚೂದಿಲ್ಲ, ಕೊನೀಗೆ ಆ ಆಪರೇಷನ್ ಟೇಬಲ್ಲಿನ ಮ್ಯಾಲ ಅವರನ್ನ ಮಲಗಸಬೇಕು.

ಅದರ ಮ್ಯಾಲೆ ಇನ್ನೊಂದು ತರಾ ಆತು. ಮೊದಲು ಮುಳ್ಳು ದಿನಕ್ಕೊಮ್ಮೆ ಏರ್ತಿತ್ತು, ಈಗ ತೊಳದ ಎರಡ ತಾಸಿಗೆ ಏರಾಕತ್ತಿತು. ಐತವಾರ ನಾನು ನಮ್ಮನಿಯವರು ಕೂಡಿ ಫಿಲ್ಟರಿನ ನೆತ್ತಿ ಬಿಚ್ಚಿದ್ವಿ. ನೋಡ್ತೀನಿ, ಉಸುಕಿನ ಮ್ಯಾಲೆ ಬೂದು ಬಣ್ಣದ ಲೋಳಿ, ತಂಗಳ ಅಂಬಲಿ ಮ್ಯಾಲೆ ಕೆನಿ ಕಟ್ಟಿದಂಗ. ಕೈ ಹಾಕಿದ್ರ ಉಸುಕು ಹೆಂಟಿ ಹೆಂಟಿ ಎದ್ದು ಬಂತು. ಮಿಸ್ತ್ರಿಗೆ ಫೋನ್ ಹಚ್ಚಿದೆ.

"ಎಂಥಾ ಉಸುಕು ತುಂಬೀಯೋ ಮಾರಾಯ? ಗಟ್ಟಿ ಕಟ್ಟಿ ಹೂರಣದುಂಡಿ ಆಗೈತಿ!"

"ಉಸುಕು ಚೊಲೋದ ಐತ್ರಿ ಅಕ್ಕಾರ. ನೀರಾಗ ಏನರ ಹಾಕೀರೇನ್ರಿ?"

"ಏನ ಹಾಕ್ಲೋ? ನೀ ಕೊಟ್ಟ ಔಷಧ ಪುಡಿ ಬಿಟ್ರ ಒಂದು ಚಿಟಿಕಿ ಹಾಕಿಲ್ಲ. ನಾ ವಿಜ್ಞಾನ ಕಲಸಾಕಿ ಅದೀನಿ, ನನಗ ತಿಳೀತೈತಿ!"

ಫೋನ್ ಇಟ್ಟ ಮ್ಯಾಲೆ ನಮ್ಮನಿಯವರು, "ಕುಣಿಲಾರದಾಕಿ ನೆಲಾ ಡೊಂಕು ಅಂದ್ಳಂತ" ಅಂತ ಮೆಲ್ಲಕ ಅಂದ್ರು. ಹೂರಣದುಂಡಿ ಆದ ಉಸುಕು ಒಂದು ಹಿಡಿ ನನ್ನ ಕೈಯಾಗಿತ್ತು, ಅವರ ಪುಣ್ಯಾ ದೊಡ್ಡದು, ತಪ್ಪಿಸ್ಕೊಂಡ್ರು. ಮ್ಯಾಲಿನ ಲೋಳಿಯಷ್ಟು ಬಳದು ಚೆಲ್ಲಿ, ನೆತ್ತಿ ಮುಚ್ಚಿ, ಮೋಟಾರ್ ಹಚ್ಚಿದ್ವಿ.

ಮರುದಿನ ನಸುಕಿನ್ಯಾಗ ಎಚ್ಚರಾತು. ಮುಳ್ಳು ನೋಡಿ ಬರೂಣು ಅಂತ ಹಿತ್ತಲಕ್ಕ ಹೋದೆ. ಟಾಕಿ ದಂಡಿ ಮ್ಯಾಲೆ ಒಂದು ಸ್ಟೂಲು, ಸ್ಟೂಲಿನ ಮ್ಯಾಲೆ ಅತ್ಯಾರು. ಕೈಯಾಗ ಉದ್ದನ್ನ ಕೋಲು, ಕೋಲಿನ ತುದೀಗೆ ಒಂದು ಅರಿವಿ ಗಂಟು. ಆ ಗಂಟು ನೀರಾಗ ಅದ್ದಿ, ಹುಗ್ಗಿ ತಿರುವಿದಂಗ ಸಾವಕಾಶ ತಿರುವಾಕತ್ತಿದ್ರು.

"ಅತ್ಯಾರ! ಏನ ಮಾಡಾಕತ್ತೀರಿ?"

ಬೆಚ್ಚಿ ಬಿದ್ರು. ಕೋಲು ಬೆನ್ನ ಹಿಂದ ಅಡಗಸಾಕ ನೋಡಿದ್ರು, ಎಂಟು ಫೂಟಿನ ಕೋಲು ಹೆಂಗ ಅಡಗೀತು? "ಏನಿಲ್ಲ ಬೇ... ಪಟಿಕ" ಅಂದ್ರು. ಕ್ಷೌರದ ಅಂಗಡ್ಯಾಗ ಗಲ್ಲಕ್ಕ ತಿಕ್ಕತಾರಲ್ಲ, ಆ ಬಿಳಿ ಕಲ್ಲು. ನಳ ಬರೂಕಿಂತ ಮೊದಲು ನಮ್ಮ ಎರಿ ನಾಡಿನ್ಯಾಗ ಕೆರಿ ನೀರ ಕುಡಿಯೂ ನೀರು. ಬೋರ್ ಹಾಕಿದ್ರ ಬರೇ ಸವಳು. ಕೆರಿ ನೀರು ತಂದು ಹಂಡೇದಾಗ ಹಾಕಿ, ಪಟಿಕದ ಕಲ್ಲು ನಾಕು ಸುತ್ತು ತಿರುವಿ ಇಟ್ರ ರಾಡಿ ತಳಕ್ಕ ಇಳೀತಿತ್ತು, ಮ್ಯಾಲಿನ ತಿಳಿ ಕುಡೀತಿದ್ರು. ಅತ್ಯಾರು ಜಲಮಿಡೀ ಅದನ್ನ ಮಾಡಿದವರು. ಕಾಕುನ ಕಡೆಯಿಂದ ಸಂಶಿ ಸಂತ್ಯಾಗಿಂದ ಪಟಿಕ ತರಸಿ, ಅರಿವ್ಯಾಗ ಕಟ್ಟಿ, ಎಂಟು ದಿನದಿಂದ ನಾ ಏಳೂಕಿಂತ ಮೊದಲ ಬಂದು ತಿರುವಿ ಹೋಗ್ತಿದ್ರು.

"ಮತ್ತ ನನಗ ಒಂದ ಮಾತು ಹೇಳಬಾರದೇನ್ರಿ?" ಸಿಟ್ಟು ಬಾಯಿತನಕ ಬಂದಿತ್ತು.

"ಹೆಂಗ ಹೇಳಲಿ ಬೇ? ನನ್ನ ಕಾಲಿನ ಮಣ್ಣಿಂದ ನಿನ್ನ ಫಿಲ್ಟರ್ ಕೆಟ್ಟಿತು. ನೀನ ಅಂದ್ಯಲ್ಲ ಅವತ್ತ. ಚಪ್ಪಲ್ಲಿ ಹಾಕಿ ಗೊತ್ತಿಲ್ಲ ನನಗ. ಹಿಮ್ಮಡಾ ಒಡದು, ಬಿರುಕಿನ್ಯಾಗ ಎರಿ ಕುಂತೈತಿ. ಎಷ್ಟ ತಿಕ್ಕಿದ್ರೂ ಹೋಗವಲ್ದು ನೋಡು."

ಸೀರಿ ನಿರಿಗಿ ತುಸು ಎತ್ತಿ ತೋರಿಸಿದ್ರು. ಇಟ್ಟಂಗಿ ಚೂರಿಲೆ ತಿಕ್ಕಿ ತಿಕ್ಕಿ ಎರಡೂ ಹಿಮ್ಮಡಾ ಕೆಂಪಗಾಗಿದ್ವು. ಬಗ್ಗಾಕ ಬರಲಾರದವರು ಅಷ್ಟು ಹೆಂಗ ತಿಕ್ಕಿದ್ರೋ ಏನೋ. ಹೊಲದಾಗ ಐವತ್ತು ವರ್ಷ ದುಡದ ಕಾಲು ಅವು. ಆ ಕಾಲಿಗೆ ಅವರು ನನ್ನ ಮಾತಿನ ಸಲುವಾಗಿ ನಾಚ್ಕೊಂಡಿದ್ರು. ನನ್ನ ಬಾಯಿಗೆ ಬೆಂಕಿ ಹಾಕ, ಅನಿಸ್ತು. ಬಂದ ಸಿಟ್ಟು ಎಲ್ಲಿ ಹೋತೋ ಗೊತ್ತಾಗಲಿಲ್ಲ. ತಪ್ಪಾತ್ರಿ ಅನ್ನೂ ಮಾತು ನಮ್ಮಂಥವರ ಬಾಯಾಗ ಲಗೂ ಬರೂದಿಲ್ಲ. ಬಂದದ್ದು ಇಷ್ಟ: "ಚಾ ಕುಡೀತೀರೇನ್ರಿ?"

ಚಾ ಕುಡಕೋತ ಅವರ ಮುಂದನ ಮಿಸ್ತ್ರಿಗೆ ಫೋನ್ ಹಚ್ಚಿ, ಇಬ್ಬರಿಗೂ ಕೇಳೂವಂಗ ಇಟ್ಟೆ. ಪಟಿಕದ ಸುದ್ದಿ ಕೇಳಿದ್ದ ತಡ ಅಂವ ಖೊಕ್ ಅಂತ ನಕ್ಕ.

"ಅಜ್ಜೀದು ಔಷಧ ಅಗದಿ ಖರೇ ಐತ್ರಿ! ಎರಿ ಮಣ್ಣು ಭಾಳ ಸಣ್ಣ, ಅರ್ಧಕ್ಕರ್ಧ ಉಸುಕಿಗೆ ಸಿಗೂದಿಲ್ಲ, ಪಾರಾಗಿ ಹೋಗತೈತಿ. ಪಟಿಕ ಹಾಕಿದ್ರ ಅದೆಲ್ಲ ಒಂದಕ್ಕೊಂದು ಅಂಟಿ ದಪ್ಪಾಗಿ ತಳಕ್ಕ ಇಳೀತೈತಿ. ಆದ್ರ ಮೋಟಾರ್ ಬಂದ್ ಇರಬೇಕ್ರಿ. ನೀವು ಮೋಟಾರ್ ಹಚ್ಚಿದ್ರಿ, ಆ ಗಸಿ ಎಲ್ಲಾ ಫಿಲ್ಟರಿಗೆ ಹೋಗಿ ಗಟ್ಟಿ ಕಟ್ಟಿತು. ಆದ್ರ ಅಕ್ಕಾರ, ಮೊದಲು ಮಣ್ಣು ಬಂದದ್ದು ಎಲ್ಲಿಂದ್ರಿ? ತೊಳದ ಮ್ಯಾಲೆ ನೀರು ಎಲ್ಲಿಂದ ತುಂಬ್ತೀರಿ?"

"ಕೃಷಿ ಹೊಂಡದಿಂದ" ಅಂದೆ. ಅಂದ ಮ್ಯಾಲೆ ತಿಳೀತು. ಮಳೀಗೆ ಹೊಲದ ಮಣ್ಣೆಲ್ಲ ಹರದು ಆ ಹೊಂಡಕ್ಕ ಬಂದಿತ್ತು. ದಿನಾ ಫಿಲ್ಟರ್ ತೊಳದು, ದಿನಾ ನಾನ ಹೊಸಾ ಎರಿ ತಂದು ಟಾಕ್ಯಾಗ ಸುರೀತಿದ್ದೆ! ಇಪ್ಪತ್ತೆರಡು ವರ್ಷ ಬಾಟ್ಲಿ ಕೊಯ್ದದ್ದು ದಂಡ.

ಅತ್ಯಾರು ಚಾದ ಬಟ್ಲಾ ಕೆಳಗಿಟ್ರು. "ಅಂದ್ರ ನನ್ನ ಕಾಲಿಂದಲ್ಲ?"

"ಅಲ್ರಿ ಅಜ್ಜಿ. ಒಂದು ಹೊಲದಷ್ಟು ಮಣ್ಣು ನಿಮ್ಮ ಕಾಲಾಗ ಹೆಂಗ ಬಂದೀತ್ರಿ?"

ಅವರ ಮಾರಿ ಅರಳಿದ್ದು ನೋಡಬೇಕಿತ್ತು. ಅಲ್ಲಿಂದ ಮುಂದ ಯಜಮಾನಕಿ ಅವರದು. ಮೋಟಾರ್ ಬಂದ್ ಮಾಡಿಸಿ, ಪಟಿಕ ಕಡೇ ಸಲ ತಿರುವಿ, ಒಂದು ಹಗಲು ಒಂದು ರಾತ್ರಿ ನೀರು ಅಲಗಾಡಸಬಾರದು ಅಂತ ಅಪ್ಪಣಿ ಆತು. ನನಗ ಸಮಾಧಾನ ಎಲ್ಲಿಂದ ಬರಬೇಕು? ತಾಸಿಗೊಮ್ಮೆ ಹೋಗಿ ಬಗ್ಗಿ ನೋಡ್ತಿದ್ದೆ. "ಹಾಲಿಗೆ ಹೆಪ್ಪು ಹಾಕಿ ತಾಸಿಗೊಮ್ಮೆ ಮುಚ್ಚಳಾ ತಗೀತಿಯೇನ ಬೇ? ಸರಿ ಆಕಡೆ" ಅಂತ ಅಟ್ಟತಿದ್ರು.

ಆ ದಿನ ನಾ ಸಾಲಿಗೆ ರಜಾ ಹಾಕಿದೆ. ಫಿಲ್ಟರಿನ ಉಸುಕೆಲ್ಲ ಹೊರಗ ತಗದ್ವಿ, ಎರಡು ಚೀಲ ಆಗೂವಷ್ಟಿತ್ತು. ಅದನ್ನ ಹೆಂಗ ತೊಳೀಬೇಕಂತ ನಾನು ನಮ್ಮನಿಯವರು ಮಾರಿ ಮಾರಿ ನೋಡಿದ್ವಿ. ಅತ್ಯಾರು ಓಣಿಗೆ ಹೇಳಿ ಕಳಿಸಿದ್ರು. ನಾಕು ಮಂದಿ ಹೆಣ್ಣಮಕ್ಕಳು ತಮ್ಮ ತಮ್ಮ ಬುಟ್ಟಿ, ಪರಾತ ಹಿಡಕೊಂಡು ಬಂದ್ರು. ಅಕ್ಕಿಯೊಳಗಿನ ಹರಳು ಗಾಳಿಸಿದಂಗ ಉಸುಕು ಗಾಳಿಸಿದ್ರು. ಲೋಳಿ ನೀರು ಬದನಿ ಮಡಿಗೆ, ಉಸುಕು ತಾಡಪತ್ರಿ ಮ್ಯಾಲೆ. ಕುರ್ಚಿ ಮ್ಯಾಲೆ ಕುಂತ ಅತ್ಯಾರು ಒಬ್ಬೊಬ್ಬರ ಬುಟ್ಟಿಗೂ ಕೈ ಹಾಕಿ, "ಇನ್ನೂ ಜಿಗಿ ಐತಿ, ಮತ್ತೊಮ್ಮೆ" ಅಂತ ವಾಪಸ್ ಕೊಡ್ತಿದ್ರು. ಕಾಕು, "ಸೊಸಿ ಸಾಲ್ಯಾಗ ಮಾಸ್ತರಕಿ, ಅತ್ತಿ ಮನ್ಯಾಗ ಮಾಸ್ತರಕಿ, ನಡುವ ನಾವು ಸಾಯೂದು" ಅಂದ್ಳು. ನಾ ಗಿರ್ಮಿಟ್ಟು, ಮಿರ್ಚಿ ಮಾಡಿ ಹಾಕಿದೆ. ಸಂಜೀತನಕ ಹಿತ್ತಲದಾಗ ನಗಿ ನಿಲ್ಲಲಿಲ್ಲ. ಫಿಲ್ಟರಿನ ತಳದಾಗಿನ ಸಣ್ಣ ಕೊಳವಿ ಮುರೀಬಾರದಂತ ಮೊದಲು ಅರ್ಧ ನೀರು ತುಂಬಿ, ಆಮ್ಯಾಲೆ ಉಸುಕು ಸಾವಕಾಶ ಇಳಿಸಿದ್ವಿ.

ಮರುದಿನ ಮುಂಜಾನೆ ನೋಡಿದ್ರ ತಳದಾಗ ಕಪ್ಪ ಗಸಿ ಕಂಬಳಿ ಹಾಸಿದಂಗ ಕುಂತಿತ್ತು, ಮ್ಯಾಲೆ ನೀರು ಗಾಜು. ಹಿಡಿಕಿ "ಚೆಲ್ಲು"ಗೆ ತಂದು ಮೋಟಾರ್ ಹಚ್ಚಿದ್ವಿ, ಉದ್ದನ್ನ ಪೈಪಿಲೆ ಗಸಿಯಷ್ಟ ಎಳದು ನೆಟ್ಟಗ ಹೊರಗ ಬಿಟ್ವಿ. ಕಮ್ಮಿ ಆದ ನೀರಿಗೆ ಈ ಸಲ ಹೊಂಡದ ಕಡೆ ಮಾರಿ ಮಾಡಲಿಲ್ಲ, ಮಾಳಿಗಿ ಮ್ಯಾಲಿನ ಮಳಿ ನೀರು ಹಿಡದು ತುಂಬಿದ್ವಿ. ಮುಳ್ಳು ಎಲ್ಲಿರಬೇಕೋ ಅಲ್ಲಿ ನಿಂತಿತು. ಮರುದಿನಾನೂ ಅಲ್ಲೇ ಇತ್ತು, ಅದರ ಮರುದಿನಾನೂ.

ಅತ್ಯಾರು ನೀರಿಗಿಳದು ನಡುವ ನಿಂತು ಕೆಳಗ ಬಗ್ಗಿ ನೋಡಿದ್ರು. ನೀಲಿ ಫರ್ಶಿ ಮ್ಯಾಲೆ ಅವರ ಹತ್ತೂ ಬೆರಳು ಎಣಿಸಾಕ ಬರ್ತಿದ್ವು. "ನೋಡ ಬೇ, ಎಷ್ಟ ಚೆಂದ ಅದಾವ ನನ್ನ ಕಾಲು!" ಅಂದ್ರು.

ಆವಾಗ ನನ್ನ ಬಾಯಿ ಬಿಚ್ಚಿತು. "ಅತ್ಯಾರ, ಅವತ್ತ ನಾ ಅಂದದ್ದು ತಪ್ಪಾತ್ರಿ."

"ಯಾವತ್ತ ಅಂದದ್ದು? ದಿನಾ ಒಂದೊಂದು ಅಂತಿ. ಎಲ್ಲಾ ನೆನಪಿಟ್ಕೊಂಡ್ರ ನನಗ ಲಿಂಗದ ನೆನಪು ಉಳದೀತೇನು?" ಅಂತ ಮಾರಿಗೆ ಬೊಗಸಿಲೆ ನೀರು ಗೊಜ್ಜಿದ್ರು. ನಾನೂ ಗೊಜ್ಜಿದೆ.

ಆಮ್ಯಾಲೆ ಒಂದಿನಾನೂ ತಪ್ಪಿಸಲಿಲ್ಲ. ಹೋಗಿದ್ದ ಎರಡು ಬೆರಳು ತಿರುಗಿ ಬಂತು, ಮ್ಯಾಲೆ ಒಂದು ಗೇಣು ಕೂಡಿತು. ಡಾಕ್ಟರ ಕಡೆ ಹೋಗೂದು ಇನ್ನೂ ನಾಕು ದಿನ ಇತ್ತು. ಅವತ್ತ ಸೋಮವಾರ. ನಾ ಒಲಿ ಮುಂದ ರೊಟ್ಟಿ ಬಡ್ಯಾಕತ್ತಿದ್ದೆ. ಪಡಸಾಲ್ಯಾಗ ಗಡಬಡ ಸಪ್ಪಳಾತು, ಬಿದ್ರೇನೋ ಅಂತ ಹಿಟ್ಟಿನ ಕೈಲೆ ಓಡಿದೆ. ಬಿದ್ದಿರಲಿಲ್ಲ. ಮಣಿ ಹಾಕ್ಕೊಂಡು ನೆಲದ ಮ್ಯಾಲೆ ಕುಂತಿದ್ರು. ಒಂದು ಕಾಲು ಪೂರಾ ಮಡಚಿತ್ತು, ಇನ್ನೊಂದು ತುಸು ವಾರಿಯಾಗಿ ಹೊರಗ ಚಾಚಿತ್ತು. ಎಡಗೈಯಾಗ ಲಿಂಗ, ಹಣಿ ಮ್ಯಾಲೆ ವಿಭೂತಿ, ಕಣ್ಣು ಮುಚ್ಚಿದ್ವು. ನಾ ಬಾಗಲಕ್ಕ ಆನಕೊಂಡು ನಿಂತೆ, ರೊಟ್ಟಿ ಹೊತ್ತಿ ಕರಿಕಾದ ವಾಸನಿ ಬಂದ್ರೂ ಹೋಗಲಿಲ್ಲ.

ಪೂಜಿ ಮುಗದು ಲಿಂಗ ಕೊರಳಿಗೆ ಕಟ್ಟಿಕೊಂಡ್ರು. ಒಬ್ಬರ ಏಳಾಕ ಆಗೂದಿಲ್ಲ ಅಂತ ನಾ ಓಡಿ ಹೋಗಿ ರಟ್ಟಿಗೆ ಕೈ ಹಾಕಿದೆ. ಕೈ ಸರಸಿದ್ರು.

"ಎರಡು ವರ್ಷ ಕಾದು ಕುಂತೀನಿ. ಇಷ್ಟು ಲಗೂ ಎಬ್ಬಸ್ತಿಯೇನ ಬೇ?"